ಹಾಲುಹಲ್ಲು ಕೀಳುವ ಮುಂಚೆ ದಾರ ಬದಿಗಿಡಿ

ಒಂದನೇ, ಎರಡನೇ ಕ್ಲಾಸಿಗೆ ಪಾಠ ಮಾಡುವವರ ಡ್ರಾಯರಿನಲ್ಲಿ ಸೀಮೆಸುಣ್ಣ ಇಲ್ಲದಿದ್ದರೂ ನಡೆಯುತ್ತೆ, ಹತ್ತಿ ಇರಲೇಬೇಕು. ದಾವಣಗೆರೆಯ ನಮ್ಮ ಶಾಲೆಯಲ್ಲಿ ಯಾವಾಗ ನೋಡಿದರೂ ಯಾರಾದರೊಬ್ಬರು "ಮಿಸ್, ಹಲ್ಲು ಅಲ್ಲಾಡ್ತಿದೆ" ಅಂತ ಬಾಯಿ ತೆರೆದು ನಿಂತಿರುತ್ತಾರೆ. ಮರುದಿನ ಅದೇ ಮಗು ವಸಡು ಊದಿಸಿಕೊಂಡು ಬರುತ್ತೆ. ಮನೆಯಲ್ಲಿ ಹಲ್ಲಿಗೆ ದಾರ ಕಟ್ಟಿ, ಬಾಗಿಲಿಗೆ ಸಿಕ್ಕಿಸಿ ಎಳೆದಿರುತ್ತಾರೆ. ಹಲ್ಲು ಮಾತ್ರ ಇನ್ನೂ ಅಲ್ಲೇ ಕೂತಿರುತ್ತೆ.

ಯಾವ ಹಲ್ಲು ಅಂತ ನೋಡಿ

ಹಾಲುಹಲ್ಲು ಒಟ್ಟು 20. ಸಾಮಾನ್ಯವಾಗಿ 6–7 ವರ್ಷಕ್ಕೆ ಕೆಳಗಿನ ಮುಂದಿನ ಎರಡು ಮೊದಲು ಬೀಳುತ್ತವೆ, ಆಮೇಲೆ ಮೇಲಿನವು. ಕೋರೆಹಲ್ಲು, ದವಡೆಹಲ್ಲುಗಳದ್ದು 9ರಿಂದ 12 ವರ್ಷದೊಳಗೆ. ಆದರೆ 6ನೇ ವಯಸ್ಸಿನ ಹೊತ್ತಿಗೇ ಎಲ್ಲಕ್ಕಿಂತ ಹಿಂದೆ ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತೆ. ಯಾವುದೂ ಬೀಳದೆ ಬಂದಿದ್ದರಿಂದ ಅದೂ ಹಾಲುಹಲ್ಲೇ ಅಂದುಕೊಳ್ಳುವವರು ಜಾಸ್ತಿ. ಅಲ್ಲ, ಅದು ಕಾಯಂ ಹಲ್ಲು. ಹುಳುಕು ಹಿಡಿದರೆ "ಹೇಗೂ ಬೀಳುತ್ತೆ ಅಲ್ವಾ" ಅಂತ ಸುಮ್ಮನಿರಬೇಡಿ.

ಹಣ್ಣಾಗಿದೆಯಾ, ಕಾಯಿಯಾ?

ಎಲ್ಲರೂ ಎಡವುವುದು ಇಲ್ಲಿ. ಒಳಗಿನಿಂದ ಹೊಸ ಹಲ್ಲು ಬರುತ್ತಿದ್ದ ಹಾಗೆ ಹಾಲುಹಲ್ಲಿನ ಬೇರು ಕರಗುತ್ತಾ ಹೋಗುತ್ತೆ. ಪೂರ್ತಿ ಕರಗಿದ ಮೇಲೆ ಹಲ್ಲನ್ನು ಹಿಡಿದಿರುವುದು ವಸಡಿನ ಒಂದಿಷ್ಟು ಚರ್ಮ ಮಾತ್ರ. ಆಗ ಕಿತ್ತರೆ ಮಗುವಿಗೆ ಗೊತ್ತೂ ಆಗಲ್ಲ. ಬೇರು ಇನ್ನೂ ಇರುವಾಗ ಎಳೆದರೆ ನೋವು, ರಕ್ತ, ಕೆಲವೊಮ್ಮೆ ತುಂಡಾಗಿ ಚೂರು ಒಳಗೇ ಉಳಿಯುವ ತಾಪತ್ರಯ.

ಮಗುವನ್ನು ಕಿಟಕಿ ಬೆಳಕಿಗೆ ಕೂರಿಸಿ, ಕೈಗೊಂದು ಕನ್ನಡಿ ಕೊಡಿ. ಹಲ್ಲನ್ನು ನಾಲಿಗೆಯಿಂದ ತಳ್ಳಲು ಹೇಳಿ. ಮುಂದಕ್ಕೂ ಹಿಂದಕ್ಕೂ ಚೆನ್ನಾಗಿ ಬಾಗುತ್ತಾ? ಎಡಕ್ಕೆ, ಬಲಕ್ಕೆ ವಾಲುತ್ತಾ? ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುವಿದರೆ ತಿರುಗುತ್ತಾ? ಚೆನ್ನಾಗಿ ಹಣ್ಣಾದ ಹಲ್ಲಿನ ಒಂದು ಅಂಚು ವಸಡಿನಿಂದ ಮೇಲೆದ್ದಿರುತ್ತೆ, ಅಡಿಯಲ್ಲಿ ಕೆಂಪಗೆ ಕಾಣುತ್ತೆ, ಇನ್ನೊಂದು ಮೂಲೆಯಲ್ಲಷ್ಟೇ ಅಂಟಿಕೊಂಡಿರುತ್ತೆ. "ನೋಯುತ್ತಾ?" ಅಂತ ಕೇಳಬೇಡಿ, ಮಕ್ಕಳು ಹೆದರಿ ಏನೋ ಒಂದು ಹೇಳುತ್ತಾರೆ. ಹುಬ್ಬು ನೋಡಿ. ಹುಬ್ಬು ಗಂಟಿಕ್ಕಿದರೆ ಇವತ್ತು ಬೇಡ.

ಕಾಯುವ ದಿನಗಳಲ್ಲಿ ಪೇರಲೆ ಹಣ್ಣು, ಸೌತೆಕಾಯಿ, ಬೇಯಿಸಿದ ಮುಸುಕಿನ ಜೋಳ ಕೊಡಿ. ಕಚ್ಚಿ ತಿನ್ನುವಾಗ ಅರ್ಧ ಕೆಲಸ ತಾನಾಗಿಯೇ ಆಗುತ್ತೆ. ಮಂಡಕ್ಕಿಯಿಂದ ಹಲ್ಲಿಗೆ ಏನೂ ಆಗಲ್ಲ, ಸಂದಿಯಲ್ಲಿ ಸಿಕ್ಕಿ ಚುಚ್ಚುತ್ತೆ ಅಷ್ಟೇ.

ಕೀಳುವಾಗ

ಕೀಳಬೇಕಾದ್ದು ಮಗುವೇ. ಈ ಮಾತಲ್ಲಿ ನಾನು ರಾಜಿಯಾಗಲ್ಲ. ಎಷ್ಟು ನೋಯುತ್ತೆ, ಎಲ್ಲಿ ನಿಲ್ಲಿಸಬೇಕು ಅನ್ನೋದು ಅದರ ಬೆರಳಿಗೇ ಚೆನ್ನಾಗಿ ಗೊತ್ತು. ಅದಾಗಿ ಕರೆದರೆ ಮಾತ್ರ ನೀವು ಕೈ ಹಾಕಿ.

ಕೈ ಸೋಪಿನಲ್ಲಿ ತೊಳೆಯಿರಿ. ಒದ್ದೆ ಹಲ್ಲು ಜಾರುತ್ತೆ, ಮೊದಲು ಒರೆಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ, ಗಾಯಕ್ಕೆ ಕಟ್ಟುವ ತೆಳ್ಳನೆ ಗಾಜ್ ಬಟ್ಟೆ ಸುತ್ತಿ ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿಯಿರಿ. ಎಳೆಯಬೇಡಿ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುವಿ ಹಾಗೇ ಎತ್ತಿ. ಬರಲಿಲ್ಲವೋ, ಬಿಟ್ಟುಬಿಡಿ. ಇನ್ನೆರಡು ದಿನ ಕಳೆಯಲಿ. ತುದಿಯ ಚೂರೇನಾದರೂ ಒಳಗೆ ಉಳಿದರೆ ಸೂಜಿ, ಪಿನ್ನು ಹಾಕಿ ಕೆದಕಬೇಡಿ. ಡಾಕ್ಟರಿಗೆ ತೋರಿಸಿ.

ಮರಗಟ್ಟಿಸುವ ಜೆಲ್‌ಗೆ ದುಡ್ಡು ಹಾಕಬೇಡಿ. ಹಣ್ಣಾದ ಹಲ್ಲಿಗೆ ಅದು ಬೇಕಿಲ್ಲ, ಆಗದ ಹಲ್ಲನ್ನು ಕೀಳಲೇಬಾರದು. ಲವಂಗದೆಣ್ಣೆಯನ್ನು ಹಾಗೇ ಹಚ್ಚಿದರೆ ವಸಡು ಸುಡುತ್ತೆ. ಮಲಗಿದಾಗ ಸದ್ದಿಲ್ಲದೆ ಕಿತ್ತುಬಿಡಿ ಅನ್ನುವ ಅತ್ತೆ, ಚಿಕ್ಕಮ್ಮಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ, ಹಲ್ಲು ಜಾರಿ ಶ್ವಾಸನಾಳಕ್ಕೆ ಹೋಗಬಹುದು. ಎಚ್ಚರವಿದ್ದಾಗ ನುಂಗಿದರೆ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತೆ. ಕೆಮ್ಮು ನಿಲ್ಲದಿದ್ದರೆ, ಉಸಿರಾಡಲು ಕಷ್ಟವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ಬಿದ್ದ ಮೇಲೆ

ಗಾಜ್ ಮಡಚಿ ಗುಳಿಯ ಮೇಲಿಟ್ಟು 10 ನಿಮಿಷ ಕಚ್ಚಿಸಿ. ನಡುವೆ ತೆಗೆದು ತೆಗೆದು ನೋಡಬೇಡಿ. ಉಗುಳಿನ ಜೊತೆ ಸೇರಿ ರಕ್ತ ಇರುವುದಕ್ಕಿಂತ ಜಾಸ್ತಿ ಕಾಣುತ್ತೆ, ಗಾಬರಿ ಬೇಡ. ಅರಿಶಿನ, ಕಾಫಿಪುಡಿ ತುಂಬುವುದು ಬೇಡವೇ ಬೇಡ. ಆಸ್ಪಿರಿನ್ ಕೊಡಬಾರದು. ಅವತ್ತು ಮಿರ್ಚಿ ಇಲ್ಲ, ಜೋರಾಗಿ ಬಾಯಿ ಮುಕ್ಕಳಿಸುವುದೂ ಇಲ್ಲ. ಆರಿದ ಬೆಣ್ಣೆ ದೋಸೆಗೆ ಅಡ್ಡಿಯಿಲ್ಲ. ಸಗಣಿ ಉಂಡೆಯಲ್ಲಿ ಹಲ್ಲಿಟ್ಟು ಮಾಳಿಗೆ ಮೇಲೆ ಎಸೆಯುವ ಪದ್ಧತಿ ಇದ್ದರೆ ಉಂಡೆ ನೀವೇ ಕಟ್ಟಿ. ಮಗುವಿನ ಬೆರಳು ಮರುಕ್ಷಣವೇ ಆ ಗುಳಿಗೆ ಹೋಗುತ್ತೆ.

ಮನೆಯಲ್ಲಿ ಮಾಡಬಾರದ್ದು

ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ ಅಥವಾ ಹೃದಯದ ತೊಂದರೆ ಇರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ. ಕೀವು, ಜ್ವರ, ಊತ ಇದ್ದರೆ, ಅರ್ಧ ಗಂಟೆಯಾದರೂ ರಕ್ತ ನಿಲ್ಲದಿದ್ದರೆ ಹಾಗೇ ಕರೆದುಕೊಂಡು ಹೋಗಿ. ಹುಳುಕಾದ ದವಡೆಯ ಹಾಲುಹಲ್ಲನ್ನು ನೀವೇ ಕೀಳಬೇಡಿ. ಮುಂಚೆಯೇ ಹೋದರೆ ಅಕ್ಕಪಕ್ಕದವು ಆ ಜಾಗಕ್ಕೆ ಸರಿದು ಹೊಸ ಹಲ್ಲು ಸೊಟ್ಟಗೆ ಬರುತ್ತೆ. ಹಳೆಯದು ಬೀಳದೆ ಹಿಂದೆ ಇನ್ನೊಂದು ಸಾಲು ಹುಟ್ಟುವುದು ಅಪರೂಪವೇನಲ್ಲ. ಹಳೆಯದು ಅಲ್ಲಾಡುತ್ತಿದ್ದರೆ ಕಾಯಿರಿ, ಎರಡು ಮೂರು ತಿಂಗಳಾದರೂ ಗಟ್ಟಿಯಾಗೇ ಇದ್ದರೆ ತೋರಿಸಿ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜು ಇದೆ. ಮಕ್ಕಳ ಹಲ್ಲಿನ ವಿಭಾಗ ಎಲ್ಲಿ ಅಂತ ಕೇಳಿ ಹೋಗಿ.

ಹೊಸ ಹಲ್ಲು ಹಾಲುಹಲ್ಲಿಗಿಂತ ಕೊಂಚ ಹಳದಿ ಇರುವುದು ಸಹಜ. ಆದರೆ ಜಗಳೂರು, ಮೊಳಕಾಲ್ಮೂರು ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದ ಹಲ್ಲಿನಲ್ಲಿ ಕಲೆ ಬರುತ್ತೆ. ಕಂದು ಕಲೆ ಕಂಡರೆ ಇದ್ದಿಲು ಪುಡಿ ಹಾಕಿ ತಿಕ್ಕಬೇಡಿ. ಅದು ತಿಕ್ಕಿದರೆ ಹೋಗುವ ಕಲೆಯಲ್ಲ, ಹಲ್ಲು ಸವೆಯುತ್ತೆ ಅಷ್ಟೇ.