ರೇಸ್ ಬಿಟ್ಟ ಕುದುರೆಯನ್ನು ನೆಲದ ಗಳಗಳಿಂದ ತಿದ್ದುವುದು

ಬೆಂಗಳೂರು, ಮೈಸೂರಿನ ಸವಾರಿ ಶಾಲೆಗಳಿಗೆ ಬರುವ ಕುದುರೆಗಳಲ್ಲಿ ರೇಸ್ ಮುಗಿಸಿದ ಥರೋಬ್ರೆಡ್‌ಗಳು (ರೇಸಿಗೆಂದೇ ಬೆಳೆಸುವ ತಳಿ) ಬಹಳ. ಇವುಗಳ ಲಗಾಮು ಎಳೆದರೆ ನಿಲ್ಲುವ ಬದಲು ಇನ್ನೂ ಓಡುತ್ತವೆ. ಜಾಕಿ ಲಗಾಮು ಬಿಗಿದಾಗ ಕಡಿವಾಣದ ಮೇಲೆ ಭಾರ ಹಾಕಿ ಓಡುವುದನ್ನೇ ಅವು ಕಲಿತಿರುತ್ತವೆ. ಆದ್ದರಿಂದ ವೇಗ ತಗ್ಗಿಸುವ ಕೆಲಸವನ್ನು ನಾನು ಕೈಗೆ ವಹಿಸುವುದಿಲ್ಲ. ಸುತ್ತುಗಳಿಗೆ, ನೆಲದ ಮೇಲಿಟ್ಟ ಗಳಗಳಿಗೆ ವಹಿಸುತ್ತೇನೆ.

ಬೆನ್ನು, ಹಲ್ಲು, ಕಾಲುಗಳನ್ನು ಪಶುವೈದ್ಯರು ನೋಡಿ, ಜೀನು ಸರಿಯಾಗಿ ಕೂರುತ್ತದೆ ಎಂದು ಖಾತ್ರಿಯಾದ ಮೇಲಷ್ಟೇ ಇದೆಲ್ಲ. ನೋಯುವ ಬೆನ್ನಿಗೆ ಯಾವ ಪಾಠವೂ ಹತ್ತುವುದಿಲ್ಲ.

ಮೊದಲ ವಾರಗಳಲ್ಲಿ ಗಳದ ಮಾತೇ ಇಲ್ಲ. ಲಗಾಮು ಸಡಿಲ ಬಿಟ್ಟು 10–15 ನಿಮಿಷ ವಾಕ್ (ಮಾಮೂಲಿ ನಡಿಗೆ), ಆಮೇಲೆ 20 ಮೀಟರ್ ವ್ಯಾಸದ ಸುತ್ತಿನಲ್ಲಿ ಟ್ರಾಟ್ (ಕಿರು ಓಟ). ಸುತ್ತಿನ ಒಳಬದಿಯ ಕಾಲಿನಿಂದ ಮೆಲ್ಲಗೆ ಒತ್ತಿ, ಅದರಿಂದ ಬಂದ ಹುರುಪನ್ನು ಹೊರಗಿನ ಲಗಾಮಿನಲ್ಲಿ ಹಿಡಿಯಬೇಕು. ಸವಾರನ ಕಾಲು ಪಕ್ಕೆಗೆ ತಾಗುವುದೇ ಈ ಕುದುರೆಗಳಿಗೆ ಹೊಸದು, ಏಕೆಂದರೆ ಜಾಕಿಯ ಕಾಲು ಮೇಲೆಲ್ಲೋ ಇರುತ್ತದೆ. ಕಾಲನ್ನು ದೂರ ಹಿಡಿದುಕೊಂಡರೆ ಭಯ ಹೋಗುವುದಿಲ್ಲ. ತಟ್ಟದೆ, ತಾಗಿಸಿಕೊಂಡೇ ಕೂರಬೇಕು. ಹತ್ತು ಹೆಜ್ಜೆ ಟ್ರಾಟ್, ಐದು ಹೆಜ್ಜೆ ವಾಕ್, ಮತ್ತೆ ಟ್ರಾಟ್: ಹೀಗೆ ನಡಿಗೆ ಬದಲಿಸುತ್ತಲೇ ಇದ್ದರೆ ಕುದುರೆ ಮುಂದಿನ ಸೂಚನೆಗೆ ಕಿವಿಗೊಡತೊಡಗುತ್ತದೆ. ಲಗಾಮು ಮುಟ್ಟದೆ, ಸವಾರ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಟ್ಟಾಗ ಟ್ರಾಟ್ ನಿಧಾನವಾದರೆ ಗಳ ತರುವ ಹೊತ್ತಾಯಿತು.

ಗಳಗಳು ಮರದವೇ ಆಗಬೇಕು. ತೊಗಟೆ ತೆಗೆದು ನಯ ಮಾಡಿದ ನೀಲಗಿರಿ ಅಥವಾ ಸರ್ವೆ ಸಾಕು: ಉದ್ದ 3 ಮೀಟರ್, ದಪ್ಪ ಸುಮಾರು 10 ಸೆಂ.ಮೀ. ಪಿವಿಸಿ ಪೈಪ್ ಅಗ್ಗವೆಂದು ತರಬೇಡಿ. ಗೊರಸು ಬಿದ್ದರೆ ಅದು ಉರುಳಿ ಕಾಲು ಜಾರುತ್ತದೆ. ಮರದ ಗಳಕ್ಕೂ ಎರಡೂ ಬದಿ ಮರಳು ಒತ್ತಿಡಬೇಕು. ಕುದುರೆಯ ಕಣ್ಣಿಗೆ ಕೆಂಪು–ಹಸಿರಿನ ಭೇದ ಸರಿಯಾಗಿ ತಿಳಿಯದು, ಹಾಗಾಗಿ ಬಿಳಿಯ ಜೊತೆ ನೀಲಿ ಪಟ್ಟೆ ಬಳಿಸುತ್ತೇನೆ. ನಾಲ್ಕೂ ಕಾಲಿಗೆ ಬೂಟು ಕಡ್ಡಾಯ.

ಮೊದಲು ಒಂದೇ ಗಳ. ಕೈಯಲ್ಲಿ ಹಿಡಿದು ನಡೆಸಿ ಎರಡೂ ದಿಕ್ಕಿನಿಂದ ದಾಟಿಸಿ, ಆಮೇಲೆ ಸವಾರಿಯಲ್ಲಿ ದಾಟಿಸುತ್ತೇನೆ. ಅದು ಸಲೀಸಾದ ಮೇಲೆ ನೇರ ಮೂರಕ್ಕೆ ಹೋಗುತ್ತೇನೆ. ಎರಡು ಇಟ್ಟರೆ ಅದನ್ನು ಅಗಲದ ಅಡ್ಡಿಯೆಂದು ತಿಳಿದು ಒಂದೇ ನೆಗೆತಕ್ಕೆ ಹಾರುವ ಕುದುರೆಗಳಿವೆ. ವಾಕ್‌ಗೆ ಗಳದಿಂದ ಗಳಕ್ಕೆ 80–90 ಸೆಂ.ಮೀ., ಟ್ರಾಟ್‌ಗೆ 1.2ರಿಂದ 1.4 ಮೀಟರ್. ಸಾಧಾರಣ ಎತ್ತರದ ಥರೋಬ್ರೆಡ್‌ಗೆ ನಾನು 1.3ರಲ್ಲಿ ಶುರುಮಾಡಿ, ಗಳಗಳ ನಡುವಿನ ಮರಳನ್ನು ಕುಂಟೆಯಿಂದ ಸಮ ಮಾಡಿಟ್ಟು, ದಾಟಿದ ಮೇಲೆ ಗೊರಸಿನ ಗುರುತು ನೋಡುತ್ತೇನೆ. ಗುರುತು ಎರಡು ಗಳಗಳ ನಟ್ಟನಡುವೆ ಬಿದ್ದಿದ್ದರೆ ಅಂತರ ಸರಿ. ಹೋಗಹೋಗುತ್ತ ಗುರುತು ಮುಂದಿನ ಗಳಕ್ಕೆ ಹತ್ತಿರವಾಗುತ್ತಿದ್ದರೆ ಅಂತರ ಕಿರಿದು, ಹಿಂದಿನ ಗಳಕ್ಕೆ ಅಂಟಿಕೊಳ್ಳುತ್ತಿದ್ದರೆ ಅಂತರ ಹೆಚ್ಚು. ಐದು ಸೆಂ.ಮೀ. ಸರಿಸಿದರೂ ಫರಕು ಕಾಣುತ್ತದೆ. ಸವಾರಿಯಲ್ಲಿ ತಿಳಿಯದ ಎಷ್ಟೋ ಸಂಗತಿ ಆ ಮರಳಿನಲ್ಲಿ ಸಿಗುತ್ತದೆ.

ಗಳ ಕಂಡ ಕೂಡಲೇ ಕುದುರೆ ಮುನ್ನುಗ್ಗುವುದು ಸಾಮಾನ್ಯ. ಆಗ ಕೈ ತಾನಾಗಿ ಬಿಗಿಯುತ್ತದೆ, ಕುದುರೆ ತಲೆಯೆತ್ತಿ ಬೆನ್ನು ಕುಸಿಸುತ್ತದೆ, ಕಾಲು ಗಳಕ್ಕೆ ಬಡಿಯುತ್ತದೆ. ಬದಲಿಗೆ ಗಳಕ್ಕೆ ನಾಲ್ಕೈದು ಹೆಜ್ಜೆ ಮೊದಲೇ ಪಕ್ಕಕ್ಕೆ ತಿರುಗಿಸಿ ಸುತ್ತು ಹಾಕಬೇಕು. ನಡಿಗೆಯ ತಾಳ ಸಮವಾದ ಸುತ್ತಿನಲ್ಲಿ ಮಾತ್ರ ಗಳದತ್ತ ಬಿಡಬೇಕು. ದಾಟುವಾಗ ಟ್ರಾಟ್‌ನಲ್ಲಿ ಏಳುತ್ತ ಕೂರುತ್ತ, ಕಣ್ಣು ಸವಾರಿ ಅಂಗಳದ ಆ ತುದಿಯಲ್ಲಿ, ಕೈ ಕುದುರೆಯ ಕತ್ತಿನ ಜೊತೆ ಮುಂದಕ್ಕೆ. ಕುದುರೆ ಕತ್ತು ಇಳಿಸಿ ಗಳ ನೋಡಬೇಕು. ಬೆನ್ನು ಮೇಲೇಳುವುದು ಆಗಲೇ.

ಮೂರು ಗಳ ಶಾಂತವಾಗಿ ಬಂದರೆ ಐದರವರೆಗೆ ಏರಿಸಬಹುದು. ಬಳಿಕ ಗಳಗಳನ್ನು ಸುತ್ತಿನ ಮೇಲೆ ಬೀಸಣಿಗೆಯಂತೆ ಹರಡುತ್ತೇನೆ. 1.3 ಮೀಟರ್ ಅಳತೆ ಗಳದ ಮಧ್ಯದಲ್ಲಿ ಬರಬೇಕು. ಒಳತುದಿಯಲ್ಲಿ ಹೆಜ್ಜೆ ಕಿರಿದು, ಹೊರತುದಿಯಲ್ಲಿ ಉದ್ದ. ಒಂದು ಬದಿಗೆ ಬಿಗಿಯಾಗಿರುವ ಕುದುರೆ ಇಲ್ಲಿ ತಪ್ಪದೆ ಹೊರಭುಜ ಜಾರಿಸಿ ಉದ್ದದ ಕಡೆಗೆ ಹೋಗುತ್ತದೆ. ಹೊರ ಲಗಾಮನ್ನೂ ಹೊರಗಾಲನ್ನೂ ಗೋಡೆಯಂತೆ ನಿಲ್ಲಿಸಿ ತಡೆಯಬೇಕು. ಇದು ಸರಿಯಾದ ಮೇಲೆ ಒಂದು ಬಿಟ್ಟು ಒಂದು ತುದಿಯನ್ನು 10–15 ಸೆಂ.ಮೀ. ಎತ್ತರಿಸುತ್ತೇನೆ. ಆಸರೆಗೆ ಇಟ್ಟಿಗೆ ಬೇಡ, ಅಂಚು ಕಾಲು ಕೊಯ್ಯುತ್ತದೆ. ಗಳ ಕೂರುವಂತೆ ಕಚ್ಚು ಹಾಕಿದ ಮರದ ತುಂಡು ಒಳ್ಳೆಯದು.

ಟ್ರಾಟ್‌ಗಿಂತ ವೇಗದ ಓಟವಾದ ಕ್ಯಾಂಟರ್ ಕೊನೆಗೆ, ಅದರಲ್ಲೇ ರೇಸಿನ ನೆನಪು ಗಟ್ಟಿ. 20 ಮೀಟರ್ ಸುತ್ತಿನಲ್ಲಿ ಗಡಿಯಾರದ 12, 3, 6, 9ರ ಜಾಗದಲ್ಲಿ ಒಂದೊಂದು ಗಳ. ಪ್ರತಿ ಕಾಲುಭಾಗ ಸುಮಾರು 15.7 ಮೀಟರ್ ಇರುವುದರಿಂದ ನಡುವೆ ನಾಲ್ಕು ಅಥವಾ ಐದು ದಾಪು ಬರುತ್ತವೆ. ಯಾವುದಾದರೂ ಸರಿ, ನಾಲ್ಕೂ ಕಡೆ ಒಂದೇ ಲೆಕ್ಕ ಬರಲಿ. ಗಟ್ಟಿಯಾಗಿ ಎಣಿಸಿ, ಲೆಕ್ಕ ತಪ್ಪಿದ ಕಡೆಯೇ ಸುತ್ತು ಸೊಟ್ಟಗಾಗಿರುತ್ತದೆ.

ಗಳದ ಕೆಲಸ ಒಂದು ಸಲಕ್ಕೆ 15 ನಿಮಿಷ, ವಾರಕ್ಕೆ ಎರಡು ದಿನ, ಅದಕ್ಕಿಂತ ಬೇಡ. ದಣಿದ ಕುದುರೆ ಗೊರಸು ಎಳೆಯುತ್ತದೆ. ಮರುದಿನ ಬೆಳಿಗ್ಗೆ ಲಾಯದಲ್ಲಿ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುಗಳನ್ನು (ಟೆಂಡನ್) ಸವರಿ ನೋಡಿ. ಬಿಸಿ ಅಥವಾ ಊತ ಇದ್ದರೆ ಸವಾರಿ ನಿಲ್ಲಿಸಿ ವೈದ್ಯರನ್ನು ಕರೆಸಿ.