ಕಾಲೇಜಿನ ಬರವಣಿಗೆ ಲ್ಯಾಬ್: ಕರಡನ್ನು ತಿದ್ದುವ ಕ್ರಮ

ಲ್ಯಾಬಿಗೆ ಕರಡು ಹಿಡಿದು ಬಂದವರು ಮೊದಲು ಕೇಳುವುದೇ ಕಾಗುಣಿತ ನೋಡಿಕೊಡಿ ಎಂದು. ಅದು ಕೊನೆಯ ಕೆಲಸ. ಅಕ್ಷರ ಅಕ್ಷರವಾಗಿ ತಿದ್ದಿದ ಪ್ಯಾರಾವನ್ನು ಆಮೇಲೆ ಕಿತ್ತುಹಾಕಲು ಮನಸ್ಸು ಬಾರದೆ, ಬೇಡದ್ದೂ ಉಳಿದುಬಿಡುತ್ತದೆ.

ಒಂದು ಅವಧಿಗೆ 90 ನಿಮಿಷ, ಮೂವರ ಗುಂಪು, ತಲಾ 600–800 ಪದಗಳ ಕರಡು ಸಾಕು. ಸಾಲುಗಳ ನಡುವೆ ದುಪ್ಪಟ್ಟು ಅಂತರ, ಅಂಚಿನಲ್ಲಿ 2 ಇಂಚು ಜಾಗ ಬಿಟ್ಟು ಒಂದೇ ಬದಿಗೆ ಮುದ್ರಿಸಿ. ಬರೆದು ಒಂದೆರಡು ದಿನವಾದರೂ ಕಳೆದಿರಲಿ. ಆಗಷ್ಟೇ ಬರೆದದ್ದರಲ್ಲಿ ಬಿಟ್ಟುಹೋದ ಪದವನ್ನೂ ಮನಸ್ಸೇ ತುಂಬಿಕೊಂಡು ಓದುತ್ತದೆ.

ಮೊದಲ 40 ನಿಮಿಷ ಪೆನ್ಸಿಲ್ ಅಂಚಿನಲ್ಲೇ ಇರಲಿ. ಪ್ರತಿ ಪ್ಯಾರಾ ಏನು ಹೇಳುತ್ತದೆ ಎಂಬುದನ್ನು ಹತ್ತು ಪದದೊಳಗೆ ಬರೆಯಿರಿ. ಬರೆಯಲು ಆಗಲಿಲ್ಲವೆಂದರೆ ಅಲ್ಲಿ ಎರಡು ವಿಚಾರ ಸಿಕ್ಕಿಹಾಕಿಕೊಂಡಿರಬಹುದು, ಇಲ್ಲವೇ ವಿಚಾರವೇ ಇರಲಿಕ್ಕಿಲ್ಲ. ಈಗ ಅಂಚಿನ ಸಾಲುಗಳನ್ನಷ್ಟೇ ಓದುತ್ತಾ ಹೋಗಿ. ‘ಆದ್ದರಿಂದ’, ‘ಆದರೆ’, ‘ಉದಾಹರಣೆಗೆ’ ಯಾವುದೂ ಕೂರದ ಕಡೆ ಕೊಂಡಿ ಕಳಚಿದೆ. ಕತ್ತರಿಯಿಂದ ಪ್ಯಾರಾಗಳನ್ನು ಬೇರೆ ಮಾಡಿ ಮೇಜಿನ ಮೇಲೆ ಜೋಡಿಸಿ ನೋಡಿ. ಹಳೇ ವಿಧಾನ ನಿಜ, ಆದರೆ ಇಡೀ ಬರಹ ಒಟ್ಟಿಗೆ ಕಾಣುವುದು ಹೀಗೆಯೇ.

ಗೆಳೆಯರ ಕರಡನ್ನು ಓದುವವರು ತಿದ್ದಬಾರದು. ಎರಡನೇ ಸಲ ಓದಬೇಕಾದ ಕಡೆ ಗೆರೆ ಎಳೆದು, ಅಲ್ಲಿ ಹುಟ್ಟಿದ ಪ್ರಶ್ನೆಯನ್ನು ಬರೆಯಬೇಕು. ‘ಚೆನ್ನಾಗಿದೆ’ ಎಂಬ ಷರಾ ಯಾರಿಗೂ ಉಪಯೋಗವಿಲ್ಲ.

ವಾಕ್ಯಗಳ ಸರದಿ ಬಂದಾಗ ಕರಡನ್ನು ಬೇರೆಯವರಿಂದ ಜೋರಾಗಿ ಓದಿಸಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಕರ್ತೃವಿಗೂ ಅದಕ್ಕೂ ನಡುವೆ ಇಪ್ಪತ್ತು ಪದ ನುಗ್ಗಿದರೆ ಓದುವವರು ತಡವರಿಸುತ್ತಾರೆ. ಅಲ್ಲೇ ವಾಕ್ಯ ಒಡೆಯಿರಿ. ‘ಸಮಿತಿಯಿಂದ ವರದಿಯನ್ನು ಸಲ್ಲಿಸುವ ಕಾರ್ಯವನ್ನು ಮಾಡಲಾಯಿತು’ ಎನ್ನುವುದು ‘ಸಮಿತಿ ವರದಿ ಸಲ್ಲಿಸಿತು’ ಎಂದಾಗಲಿ. ‘ಲಾಯಿತು’, ‘ಲಾಗಿದೆ’ಗಳನ್ನು ಹುಡುಕಿ ಸುತ್ತು ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಕಾಗುಣಿತಕ್ಕೆ ಒಂದು ಸುತ್ತಿಗೆ ಒಂದೇ ಬಗೆಯ ತಪ್ಪು: ಅಕಾರ-ಹಕಾರ, ಆಮೇಲೆ ಅಲ್ಪಪ್ರಾಣ-ಮಹಾಪ್ರಾಣ, ಆಮೇಲೆ ಒತ್ತಕ್ಷರ. ಕೊನೆಯ ವಾಕ್ಯದಿಂದ ಹಿಂದಕ್ಕೆ ಓದಿದರೆ ಅರ್ಥದ ಓಟದಲ್ಲಿ ತಪ್ಪು ಜಾರಿಹೋಗುವುದಿಲ್ಲ. ಸ್ಪೆಲ್‌ಚೆಕ್ ನಂಬಿ ಕೂರಬೇಡಿ. ಸಂಧಿಯಾದ ಸರಿಯಾದ ಪದಕ್ಕೂ ಅದು ಕೆಂಪು ಗೆರೆ ಎಳೆಯಬಹುದು. ‘ಹಾದಿ’ ಇರಬೇಕಾದಲ್ಲಿ ‘ಆದಿ’ ಇದ್ದರೆ ಎರಡೂ ಪದಗಳೇ ಆದ್ದರಿಂದ ಸುಮ್ಮನಿರುತ್ತದೆ.

ಅಧ್ಯಾಪಕರು ತಪ್ಪಿರುವ ಸಾಲಿನ ಅಂಚಿನಲ್ಲಿ ಬರೀ ಚುಕ್ಕೆ ಇಟ್ಟರೆ ಸಾಕು. ತಪ್ಪನ್ನು ವಿದ್ಯಾರ್ಥಿಯೇ ಹುಡುಕಿ, ನೋಟ್‌ಬುಕ್ಕಿನಲ್ಲಿ ತಪ್ಪು, ಸರಿ, ಕಾರಣ ಎಂಬ ಮೂರು ಕಾಲಮ್ಮಿಗೆ ಇಳಿಸಲಿ. ಮುಂದಿನ ಕರಡನ್ನು ಲ್ಯಾಬಿಗೆ ತರುವ ಮೊದಲು ಆ ಪುಟ ಪಕ್ಕದಲ್ಲಿಟ್ಟುಕೊಂಡು ಓದಬೇಕು.