ಮಾತಾಡದ ಮಗುವಿಗೆ ಚಿತ್ರದ ಬೋರ್ಡ್: ‘ಬೇಡ’ದಿಂದ ಶುರು ಮಾಡಿ

ಬಾಯಿಂದ ಮಾತಾಡದ, ಅಥವಾ ಕೆಲವು ಹೊತ್ತು ಮಾತ್ರ ಮಾತು ಹೊರಡುವ ಮಕ್ಕಳಿಗೆ ನಾನು ಚಿತ್ರದ ಬೋರ್ಡ್ ಮಾಡಿಕೊಡುತ್ತೇನೆ: ಹಾಳೆಯ ಮೇಲೆ ಚೌಕ ಚೌಕವಾಗಿ ಚಿತ್ರ ಮತ್ತು ಪದ, ಹೇಳಬೇಕಾದ್ದನ್ನು ಮಗು ಮುಟ್ಟಿ ತೋರಿಸುತ್ತದೆ. ಅದರಲ್ಲಿ ‘ಬೇಕು’ ಒಂದೇ ಒಂದು ಚೌಕ. ಒಲ್ಲೆ ಅನ್ನುವುದಕ್ಕೆ ಮಾತ್ರ ನಾಲ್ಕು: ಬೇಡ, ಸಾಕು, ಇಲ್ಲ, ಅಲ್ಲ. ಮೊದಲ ಸಲ ನೋಡಿದ ತಂದೆತಾಯಿ ಆಟದ ಸಾಮಾನಿನ ಚಿತ್ರ ಎಲ್ಲಿ, ಪ್ರಾಣಿಗಳ ಚಿತ್ರ ಎಲ್ಲಿ ಅಂತ ಹುಡುಕುತ್ತಾರೆ. ಆದರೆ ಬೇಕಾದ್ದನ್ನು ಪಡೆಯಲು ಈ ಮಕ್ಕಳು ಹೇಗೋ ದಾರಿ ಕಂಡುಕೊಂಡಿರುತ್ತಾರೆ. ದೊಡ್ಡವರ ಕೈ ಹಿಡಿದು ಎಳೆಯುತ್ತಾರೆ, ಇಲ್ಲವೇ ತಾವೇ ಹೋಗಿ ತೆಗೆದುಕೊಳ್ಳುತ್ತಾರೆ. ಬೇಡವಾದ್ದನ್ನು ತಡೆಯಬೇಕಾದಾಗ ಕಚ್ಚುವುದು, ಎಸೆಯುವುದು, ಓಡಿಹೋಗುವುದು ಬಿಟ್ಟರೆ ಅವರ ಹತ್ತಿರ ಬೇರೇನೂ ಇರುವುದಿಲ್ಲ. ಅದನ್ನೇ ನಾವು ಫೈಲಿನಲ್ಲಿ ‘ವರ್ತನೆಯ ಸಮಸ್ಯೆ’ ಅಂತ ಬರೆಯುತ್ತೇವೆ.

ಈ ನಾಲ್ಕೂ ಬೇರೆ ಬೇರೆ ಮಾತು. ‘ಬೇಡ’ ಅಂದರೆ ನಾನು ಒಲ್ಲೆ. ‘ಸಾಕು’ ಅಂದರೆ ಇಷ್ಟು ಹೊತ್ತು ಚೆನ್ನಾಗಿತ್ತು, ಇನ್ನು ನಿಲ್ಲಿಸು. ‘ಇಲ್ಲ’ ಅಂದರೆ ಇರಬೇಕಾದ್ದು ಇಲ್ಲಿ ಕಾಣುತ್ತಿಲ್ಲ. ‘ಅಲ್ಲ’ ಅಂದರೆ ನೀನು ತಪ್ಪು ತಿಳಿದುಕೊಂಡೆ. ಇಂಗ್ಲಿಷಿನಿಂದ ಇಳಿಸಿದ ಬೋರ್ಡುಗಳಲ್ಲಿ ‘ನೋ’ ಎಂಬ ಒಂದೇ ಚೌಕ ಇರುತ್ತದೆ, ಅದರ ಕೆಳಗೆ ಯಾರೋ ‘ಇಲ್ಲ’ ಅಂತ ಬರೆದಿರುತ್ತಾರೆ. ಮಗು ಚೆಂಡನ್ನು ದೂರ ತಳ್ಳಿ ಆ ಚೌಕ ಮುಟ್ಟಿದರೆ ದೊಡ್ಡವರು ‘ಇದೆಯಲ್ಲ, ಇಲ್ಲೇ ಇದೆ ನೋಡು’ ಅಂತ ಚೆಂಡನ್ನು ಮತ್ತೆ ಕೈಗೆ ಕೊಡುತ್ತಾರೆ. ಮಗು ಸರಿಯಾಗಿಯೇ ಹೇಳಿತ್ತು, ತಪ್ಪಿದ್ದು ಬೋರ್ಡು. ನಾಲ್ಕರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ‘ಅಲ್ಲ’ ಉಳಿಸಿಕೊಂಡೇನು. ನಮ್ಮ ಊಹೆಯನ್ನು ಮಗು ತಿದ್ದಲು ಇರುವ ಒಂದೇ ಪದ ಅದು.

ಬೋರ್ಡ್ ಮಾಡುವ ಮೊದಲು ಒಂದು ವಾರ ನೋಟ್‌ಬುಕ್ ಇಡಿಸುತ್ತೇನೆ. ಮೂರು ಕಾಲಂ: ಮಗು ಏನು ಮಾಡಿತು, ನಮಗೆ ಅನಿಸಿದ ಅರ್ಥ, ನಾವು ಏನು ಮಾಡಿದೆವು. ‘ಕಿವಿ ಮುಚ್ಚಿಕೊಂಡು ಗುನುಗಿತು, ಸದ್ದು ಜಾಸ್ತಿಯಾಗಿದೆ, ಟಿವಿ ಆರಿಸಿದೆವು.’ ‘ಕಣ್ಣ ಪಕ್ಕದಲ್ಲಿ ಬೆರಳು ಆಡಿಸಿತು, ಖುಷಿಯಾಗಿದೆ, ಸುಮ್ಮನೆ ಬಿಟ್ಟೆವು.’ ಮನೆಯಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಬರೆಯಬೇಕು, ಒಬ್ಬರದನ್ನು ಇನ್ನೊಬ್ಬರು ನೋಡದೆ. ವಾರದ ಕೊನೆಗೆ ಹೋಲಿಸಿದರೆ ಒಂದೇ ಸನ್ನೆಗೆ ಅಮ್ಮ ಒಂದು ಅರ್ಥ, ಅಜ್ಜ ಇನ್ನೊಂದು ಅರ್ಥ ಬರೆದಿರುವುದು ಸಿಗುತ್ತದೆ. ಮಗುವಿಗೆ ಎಲ್ಲಿ ಸಿಟ್ಟು ಬರುತ್ತದೆ ಅನ್ನುವುದು ಬಹಳ ಸಲ ಆ ಸಾಲುಗಳಲ್ಲೇ ಗೊತ್ತಾಗುತ್ತದೆ. ಬೋರ್ಡ್ ಬಂದ ಮೇಲೂ ಈ ನೋಟ್‌ಬುಕ್ ರದ್ದಾಗುವುದಿಲ್ಲ. ಮಗು ಕೈಯಿಂದ ತಳ್ಳಿದರೆ ಅದೂ ‘ಬೇಡ’ವೇ. ‘ಹಾಗಲ್ಲ, ಬೋರ್ಡಿನಲ್ಲಿ ತೋರಿಸು’ ಅಂತ ಕಾಯಿಸಬಾರದು.

ಈಗ ಬೋರ್ಡ್. ಎ4 ಹಾಳೆ ಅಡ್ಡಕ್ಕೆ, ಸುತ್ತ 10 ಮಿ.ಮೀ. ಅಂಚು, ಆರು ಕಾಲಂ, ಆರು ಸಾಲು, ಒಟ್ಟು 36 ಚೌಕ. ಒಂದೊಂದು ಚೌಕ ಸುಮಾರು 46 ಮಿ.ಮೀ. ಅಗಲ, 32 ಮಿ.ಮೀ. ಎತ್ತರ. ಬೆರಳಿನ ಗುರಿ ಹಿಡಿಯಲು ಕಷ್ಟವಾದರೆ ಪದ ಕಡಿಮೆ ಮಾಡುವುದಿಲ್ಲ, ಅದೇ ಬೋರ್ಡನ್ನು ಎ3ಗೆ ಹಿಗ್ಗಿಸುತ್ತೇನೆ. ಚಿತ್ರಗಳಿಗೆ ಸ್ಪೇನಿನ ಅರಗಾನ್ ಪ್ರದೇಶದ ಸರ್ಕಾರದ ಅರಾಸಾಕ್ ಸಂಗ್ರಹ ಸಾಕು. ವ್ಯಾಪಾರಕ್ಕಲ್ಲದ ಬಳಕೆಗೆ ಅದು ಉಚಿತ. ಪದವನ್ನು ಚಿತ್ರದ ಮೇಲ್ಗಡೆ ಬರೆಯಿರಿ. ಕೆಳಗೆ ಬರೆದರೆ ಮುಟ್ಟುವ ಕೈ ಅದನ್ನು ಮುಚ್ಚುತ್ತದೆ. ವ್ಯಕ್ತಿಗೆ ಹಳದಿ, ಕ್ರಿಯಾಪದಕ್ಕೆ ಹಸಿರು, ಗುಣ ಹೇಳುವ ಪದಕ್ಕೆ ನೀಲಿ. ಬಣ್ಣ ಚೌಕದ ಅಂಚಿಗೆ ಮಾತ್ರ, ಒಳಗೆ ಬಿಳಿಯೇ ಇರಲಿ. ಲ್ಯಾಮಿನೇಶನ್ ಮ್ಯಾಟ್ ಆಗಿರಬೇಕು, 125 ಮೈಕ್ರಾನ್. ಹೊಳೆಯುವ ಲ್ಯಾಮಿನೇಶನ್ ಮೇಲೆ ದೀಪದ ಬೆಳಕು ಬಿದ್ದರೆ ಅರ್ಧ ಬೋರ್ಡ್ ಕಾಣುವುದೇ ಇಲ್ಲ, ಬೆಳಕು ಕಣ್ಣಿಗೆ ಚುಚ್ಚಿದಂತಾಗುವ ಮಕ್ಕಳು ಅದನ್ನು ನೋಡುವುದನ್ನೇ ಬಿಡುತ್ತಾರೆ. ಕತ್ತರಿಸುವಾಗ ಕಾಗದದ ಆಚೆ 5 ಮಿ.ಮೀ. ಪ್ಲಾಸ್ಟಿಕ್ ಬಿಡಿ, ಇಲ್ಲದಿದ್ದರೆ ನೀರು ಒಳಗೆ ಹೋಗುತ್ತದೆ. ಮೂಲೆಗಳನ್ನು ದುಂಡಗೆ ಮಾಡಿ. ಕನಿಷ್ಠ ನಾಲ್ಕು ಪ್ರತಿ ಬೇಕು: ಊಟದ ಜಾಗ, ಬಚ್ಚಲು, ಮಲಗುವ ಕೋಣೆ, ಹೊರಗೆ ಹೋಗುವ ಚೀಲ. ಬೋರ್ಡ್ ಹುಡುಕಬೇಕಾಯಿತು ಅಂದರೆ ಅಷ್ಟರಲ್ಲಿ ಹೇಳುವ ಮಾತು ತಪ್ಪಿಹೋಗಿರುತ್ತದೆ.

ಪದಗಳ ಜಾಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಿದ್ಧ ಬೋರ್ಡುಗಳಲ್ಲಿ ಎಡಗಡೆ ‘ನಾನು’, ಅದರ ಪಕ್ಕದಲ್ಲೇ ‘ಬೇಕು’, ಆಮೇಲೆ ವಸ್ತು. ಕನ್ನಡದಲ್ಲಿ ಮಾತು ಮುಗಿಯುವುದೇ ‘ಬೇಕು’, ‘ಬೇಡ’ದಲ್ಲಿ. ಆ ಬೋರ್ಡಿನಲ್ಲಿ ‘ನನಗೆ ಅದು ಬೇಕು’ ಅನ್ನಲು ಬೆರಳು ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬರಬೇಕು. ಅದಕ್ಕೆ ನಾನು ಮೊದಲ ಕಾಲಂನಲ್ಲಿ ನಾನು, ನೀನು ಮತ್ತು ಪ್ರಶ್ನೆಗಳು, ಎರಡನೆಯದರಲ್ಲಿ ಇದು, ಅದು, ಒಳಗೆ, ಹೊರಗೆಯಂಥವು, ಮೂರನೆಯದರಲ್ಲಿ ಇನ್ನೂ, ಬೇರೆ, ನೋವು, ಸುಸ್ತು, ಸದ್ದು, ಖುಷಿ, ನಾಲ್ಕು ಮತ್ತು ಐದರಲ್ಲಿ 12 ಕ್ರಿಯಾಪದ, ಕೊನೆಯ ಕಾಲಂನಲ್ಲಿ ಬೇಕು, ಇಷ್ಟ ಮತ್ತು ಆ ನಾಲ್ಕು ಪದ ಇಡುತ್ತೇನೆ. ಬೆರಳು ಮಾತಿನ ಜೊತೆಗೇ ಎಡದಿಂದ ಬಲಕ್ಕೆ ಸರಿಯುತ್ತದೆ. ಕ್ರಿಯಾಪದವನ್ನು ‘ಹೋಗು’, ‘ಕೊಡು’, ‘ತೆಗೆ’ ಅಂತ ಮೂಲರೂಪದಲ್ಲೇ ಅಚ್ಚು ಹಾಕಿ, ಬಾಯಲ್ಲಿ ‘ಹೋಗೋಣ’, ‘ಹೋದ್ರು’ ಅಂತ ಸಹಜವಾಗಿ ಹೇಳಿ. ‘ನಾನು’ ಮುಟ್ಟಿ ‘ನನಗೆ’ ಅಂದರೂ ಗೊಂದಲವಾಗುವುದಿಲ್ಲ. ‘ಕೇಳು’ ಒಂದೇ ಚೌಕ, ಕಿವಿಗೊಡುವುದಕ್ಕೂ ಪ್ರಶ್ನೆಗೂ. ವಸ್ತುಗಳ ಹೆಸರು, ಮಗುವಿಗೆ ಅಚ್ಚುಮೆಚ್ಚಾದ ವಿಷಯ, ಅದು ಫ್ಯಾನ್ ಆಗಿರಲಿ, ರೈಲಿನ ನಂಬರ್ ಆಗಿರಲಿ, ಹಿಂಬದಿಯ ಪುಟಕ್ಕೆ. ಒಮ್ಮೆ ಇಟ್ಟ ಜಾಗ ಬದಲಿಸಬೇಡಿ. ಮಗು ಕಲಿಯುವುದು ಚಿತ್ರವನ್ನಷ್ಟೇ ಅಲ್ಲ, ಕೈ ಹೋಗುವ ದಾರಿಯನ್ನೂ.

ಇನ್ನು ಬಳಕೆ. ಇಲ್ಲಿಯೇ ಹೆಚ್ಚಿನ ಬೋರ್ಡುಗಳು ಮೂಲೆ ಸೇರುವುದು. ಮಗುವನ್ನು ಕೂರಿಸಿ ‘ಹೋಗು ಎಲ್ಲಿದೆ, ತೋರಿಸು’ ಅಂತ ಕೇಳಿದ ದಿನವೇ ಅದು ಪರೀಕ್ಷೆಯ ಹಾಳೆಯಾಗಿಬಿಡುತ್ತದೆ. ಮೊದಲು ಬೋರ್ಡಿನಲ್ಲಿ ಮಾತಾಡಬೇಕಾದವರು ದೊಡ್ಡವರು. ಮಗು ಬಕೆಟ್ ನೀರಿಗೆ ಲೋಟ ಮುಳುಗಿಸಿ ಎತ್ತಿ ಸುರಿಯುತ್ತಿದೆ ಅಂತಿಟ್ಟುಕೊಳ್ಳಿ. ನಾನು ಎದುರು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ಎದುರಿಗಿದ್ದರೆ ಕಣ್ಣಲ್ಲಿ ಕಣ್ಣಿಡು ಎಂಬ ಒತ್ತಾಯ ತಾನಾಗಿ ಬರುತ್ತದೆ. ಬೋರ್ಡ್ ಇಬ್ಬರ ನಡುವೆ ನೆಲದ ಮೇಲೆ. ಲೋಟ ಮುಳುಗುವಾಗ ತೋರುಬೆರಳು ‘ಒಳಗೆ’ ಮೇಲೆ ಇಡುತ್ತೇನೆ, ಇಡುವ ಕ್ಷಣದಲ್ಲೇ ‘ಒಳಗೆ’ ಅನ್ನುತ್ತೇನೆ, ಬೆರಳನ್ನು ಒಂದು ಉಸಿರಿನಷ್ಟು ಹೊತ್ತು ಅಲ್ಲೇ ಬಿಡುತ್ತೇನೆ. ನೀರು ಸುರಿಯುವಾಗ ‘ಹಾಕು’. ಲೋಟ ಮತ್ತೆ ಬಕೆಟ್ಟಿನ ಕಡೆ ತಿರುಗಿದಾಗ ‘ಇನ್ನೂ’. ಆಮೇಲೆ ಸುಮ್ಮನಾಗಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಕೆಲವು ಮಕ್ಕಳಿಗೆ ಅರ್ಧ ನಿಮಿಷ ಬೇಕು. ಈ ಹೊತ್ತಿನಲ್ಲಿ ಮುಖದಲ್ಲಿ ‘ಹೇಳು, ಹೇಳು’ ಎಂಬ ನಿರೀಕ್ಷೆ ಇರಬಾರದು. ಮಗು ಬೋರ್ಡಿನ ಕಡೆ ನೋಡದಿದ್ದರೂ ಪರವಾಗಿಲ್ಲ, ಓರೆಗಣ್ಣಿನಲ್ಲಿ ನೋಡುವ ಮಕ್ಕಳು ಬಹಳ. ಬೋರ್ಡನ್ನೇ ತಳ್ಳಿದರೆ ‘ಬೇಡ’ ಮುಟ್ಟಿ, ‘ಬೋರ್ಡ್ ಬೇಡ’ ಅಂತ ಹೇಳಿ, ಕೈಗೆ ಸಿಗುವಷ್ಟು ದೂರಕ್ಕೆ ಸರಿಸುತ್ತೇನೆ.

ಮೊದಲ ಎರಡು ವಾರ ದಿನಕ್ಕೆ ಒಂದು ಸಲ, 15 ನಿಮಿಷ, ಎಂಟು ಹತ್ತು ಪದ ಮಾತ್ರ. ಮಗು ಇನ್ನೂ ಮುಟ್ಟುತ್ತಿಲ್ಲವಾದರೆ ನಾವು ಒಂದೊಂದೇ ಪದ. ಅದು ಒಂದು ಪದ ಮುಟ್ಟುತ್ತಿದ್ದರೆ ನಾವು ಎರಡು. ಮೊದಲ ಸ್ಪರ್ಶಕ್ಕೆ ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಆಗ ಸಿಕ್ಕಸಿಕ್ಕ ಚೌಕ ತಟ್ಟುವುದು ಶುರುವಾಗುತ್ತದೆ. ಅದನ್ನು ಆಟ ಅಂತ ನಿಲ್ಲಿಸಬೇಡಿ, ಹಸುಗೂಸಿನ ತೊದಲು ಹೇಗೋ ಇದೂ ಹಾಗೆ. ‘ಹೋಗು’ ತಟ್ಟಿದರೆ ಎದ್ದು ಬಾಗಿಲ ಕಡೆ ಹೊರಡಿ. ತಪ್ಪಾಗಿದ್ದರೆ ಮಗುವಿಗೆ ‘ಅಲ್ಲ’ ಇದೆ.

ಮಗುವಿನ ಕೈ ಹಿಡಿದು ಚೌಕದ ಮೇಲೆ ಇಡುವುದನ್ನು ನಾನು ಮಾಡುವುದಿಲ್ಲ, ಮನೆಯವರಿಗೂ ಬೇಡ ಅನ್ನುತ್ತೇನೆ. ಒಂದು, ಅದು ಮಗುವಿನ ಮೈ. ಇನ್ನೊಂದು, ಹಿಡಿದ ಕೈ ಯಾರ ಮಾತನ್ನು ಹೇಳುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೈ ಅಥವಾ ತೋಳಿಗೆ ಆಸರೆ ಕೊಟ್ಟು ಬರೆಸುವ, ತೋರಿಸುವ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ವಿಧಾನವನ್ನು ಬಳಸಬಾರದು ಅಂತ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಮತ್ತೆ ಹೇಳಿದ್ದು ಈ ಕಾರಣಕ್ಕೇ.

ಕೈಯಾಡಿಸಲಾಗದ ಮಕ್ಕಳಿಗೆ ನಾವು ಬೋರ್ಡನ್ನು ಓದುತ್ತಾ ಹೋಗಬೇಕು. ಮೊದಲು ಮಗುವಿನ ‘ಹೌದು’ ಯಾವುದು ಅಂತ ನೋಟ್‌ಬುಕ್ಕಿನಿಂದ ಗೊತ್ತುಮಾಡಿಕೊಳ್ಳಿ: ಕಣ್ಣು ಮೇಲೆತ್ತುವುದು, ಕಾಲು ಒತ್ತುವುದು, ಯಾವುದಾದರೂ ಸರಿ. ‘ಈ ಕಾಲಂನಾ?’ ಅಂತ ಒಂದೊಂದಾಗಿ ಬೆರಳಿಟ್ಟು ಐದು ಸೆಕೆಂಡ್ ಕಾಯಿರಿ. ಹೌದು ಬಂದ ಮೇಲೆ ಆ ಕಾಲಂನ ಪದಗಳನ್ನು ಒಂದೇ ದನಿಯಲ್ಲಿ ಓದಿ. ನಿಮಗೆ ಬೇಕಾದ ಪದದ ಹತ್ತಿರ ದನಿ ಏರಿದರೆ ಮಗು ಅದನ್ನೇ ಹಿಡಿಯುತ್ತದೆ. ಕೊನೆಗೆ ಪ್ರತಿ ಸಲವೂ ‘ಇದ್ಯಾವುದೂ ಅಲ್ಲ’ ಅಂತ ಕೇಳಲೇಬೇಕು. ಅದನ್ನು ಬಿಟ್ಟರೆ ಮಗು ನಿಮ್ಮ ಪಟ್ಟಿಯೊಳಗೆ ಸಿಕ್ಕಿಬೀಳುತ್ತದೆ.

ಮಗು ‘ಬೇಡ’ ಮುಟ್ಟಿದಾಗ ಏನು ಮಾಡುತ್ತೀರಿ ಅನ್ನುವುದರ ಮೇಲೆ ಬೋರ್ಡಿನ ಆಯಸ್ಸು ನಿಂತಿದೆ. ಮೊದಲ ತಿಂಗಳು ಒಪ್ಪಬಹುದಾದ ಪ್ರತಿ ‘ಬೇಡ’ವನ್ನೂ ತಕ್ಷಣ ಒಪ್ಪಿ, ಆ ಸೆಕೆಂಡಿನಲ್ಲೇ ನಿಲ್ಲಿಸಿ. ಔಷಧಿ, ಸೀಟ್ ಬೆಲ್ಟ್, ಬಿಸಿ ಒಲೆ, ಇಲ್ಲೆಲ್ಲ ಒಪ್ಪಲಾಗುವುದಿಲ್ಲ. ಅಂಥಲ್ಲಿ ಮೊದಲನೆಯ ನಿಯಮ, ಪ್ರಶ್ನೆ ಕೇಳಬಾರದು. ‘ಔಷಧಿ ಕುಡಿತೀಯಾ?’ ಅಂತ ಕೇಳಿ, ಬೇಡ ಅಂದ ಮೇಲೆ ಕುಡಿಸಿದರೆ ಆ ಚೌಕಕ್ಕೆ ಬೆಲೆ ಇರುವುದಿಲ್ಲ. ‘ಈಗ ಔಷಧಿ’ ಅಂತ ಮೊದಲೇ ಹೇಳಿ. ಬೇಡ ಅಂದರೆ ನೀವೂ ‘ಬೇಡ’ ಮುಟ್ಟಿ: ‘ಬೇಡ ಅಂದೆ, ಕೇಳಿಸ್ತು. ಕಹಿ ಇದೆ. ಇದು ನಿಲ್ಲಿಸೋಕಾಗಲ್ಲ.’ ನಂತರ ಉಳಿದ ಆಯ್ಕೆ ಅದರ ಕೈಗೆ ಕೊಡಿ: ಚಮಚವೋ ಸಿರಿಂಜೋ, ಕೂತೋ ನಿಂತೋ, ಈಗಲೋ ಹಾಡು ಮುಗಿದ ಮೇಲೋ. ಆದ ಮೇಲೆ ‘ಮುಗೀತು’ ಅಂತ ಸ್ಪಷ್ಟವಾಗಿ ಹೇಳಿ. ಒಪ್ಪಲಾಗದ ‘ಬೇಡ’ಗಳ ಪಟ್ಟಿ ಮಾಡಿಸಿದಾಗ ಮನೆಯವರು ಉದ್ದಕ್ಕೆ ಬರೆಯುತ್ತಾರೆ. ಒಂದೊಂದನ್ನೂ ‘ಇದರಿಂದ ಯಾರಿಗೆ ಅಪಾಯ?’ ಅಂತ ಕೇಳುತ್ತಾ ಹೋದರೆ ನಾಲ್ಕೈದು ಉಳಿಯುತ್ತವೆ. ಬಂದವರಿಗೆ ನಮಸ್ಕಾರ ಮಾಡುವುದು, ತಲೆ ಬಾಚುವಾಗ ಅಲುಗಾಡದಿರುವುದು, ಅಪ್ಪಿಕೊಳ್ಳುವುದು, ಇವೆಲ್ಲ ಆ ಪಟ್ಟಿಯಿಂದ ಹೊರಗೆ ಬರುತ್ತವೆ. ದೊಡ್ಡವನಾದಾಗ ಯಾರೋ ಮೈ ಮುಟ್ಟಿದರೆ ‘ಬೇಡ’ ಅನ್ನಬೇಕಾದ ಮಗು ಇದು. ಅದು ಮನೆಯಲ್ಲೇ ರೂಢಿಯಾಗಬೇಕು.

ಮಗು ಪೂರ್ತಿ ಕುಸಿದು ಅಳುತ್ತಿರುವಾಗ, ಚೀರುತ್ತಿರುವಾಗ ಬೋರ್ಡ್ ತರಬೇಡಿ. ಆಗ ಪದ ಒಳಗೆ ಇಳಿಯುವುದಿಲ್ಲ. ಬೆಳಕು, ಸದ್ದು, ಜನ ಕಡಿಮೆ ಮಾಡಿ, ಹತ್ತಿರ ಇರಿ. ಸುಧಾರಿಸಿದ ಮೇಲೂ ‘ಯಾಕೆ ಅತ್ತೆ?’ ಬೇಡ, ‘ಸದ್ದು, ನೋವು’ ಅಂತ ನೀವೇ ಮುಟ್ಟಿ ಸುಮ್ಮನಾಗಿ. ಶಿಕ್ಷೆಯಾಗಿ ಬೋರ್ಡ್ ಕಿತ್ತಿಟ್ಟುಕೊಳ್ಳುವುದನ್ನು ಶಾಲೆಗಳಲ್ಲೂ ನೋಡುತ್ತೇನೆ. ‘ಬರೀ ತಟ್ಟುತ್ತಾನೆ, ಕ್ಲಾಸಿಗೆ ತೊಂದರೆ’ ಅನ್ನುತ್ತಾರೆ. ಮಾತಾಡುವ ಮಗುವಿನ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಅದು, ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಮನೆಯಲ್ಲಿ ಹಿರಿಯರ ಭಯ ಒಂದೇ: ಚಿತ್ರ ಸಿಕ್ಕರೆ ಬಾಯಿ ಮಾತು ಬರುವುದೇ ಇಲ್ಲ. ಅವರನ್ನು ತಳ್ಳಿಹಾಕದೆ ಉತ್ತರ ಕೊಡಬೇಕು. 2006ರಲ್ಲಿ ಮಿಲ್ಲರ್, ಲೈಟ್, ಶ್ಲಾಸರ್ ಎಂಬ ಸಂಶೋಧಕರು ಈ ಪ್ರಶ್ನೆ ಇಟ್ಟುಕೊಂಡು 23 ಅಧ್ಯಯನ ಪರಿಶೀಲಿಸಿದರು. ಅದರಲ್ಲಿ ಗಟ್ಟಿ ಪುರಾವೆ ಇದ್ದ 27 ಪ್ರಕರಣಗಳಲ್ಲಿ ಒಂದರಲ್ಲೂ ಮಾತು ಕಡಿಮೆಯಾಗಿರಲಿಲ್ಲ, 89 ಶೇಕಡಾದಲ್ಲಿ ಸ್ವಲ್ಪವಾದರೂ ಹೆಚ್ಚಿತ್ತು. ಆದರೆ ಮಾತು ಬರಲಿ ಅಂತಲೇ ಬೋರ್ಡ್ ಕೊಡುವುದಾದರೆ ಬಾರದಿದ್ದ ದಿನ ಅದನ್ನು ಬಿಡುತ್ತೀರಿ. ವಿಶೇಷ ಶಿಕ್ಷಣ ತಜ್ಞೆ ಆನ್ ಡೊನೆಲನ್ 1984ರಲ್ಲಿ ಹೇಳಿದ ಅಳತೆಗೋಲು ನನಗೆ ಇಲ್ಲಿ ಬಹಳ ಉಪಯೋಗಕ್ಕೆ ಬಂದಿದೆ: ಖಚಿತ ಪುರಾವೆ ಇಲ್ಲದಾಗ, ತಪ್ಪಾದರೂ ಮಗುವಿಗೆ ಅತಿ ಕಡಿಮೆ ಹಾನಿ ಮಾಡುವ ಊಹೆಯನ್ನೇ ಹಿಡಿಯಿರಿ. ಮಗುವಿಗೆ ಅರ್ಥವಾಗುತ್ತದೆ ಅಂತ ತಿಳಿದು ಮಾತಾಡಿ ತಪ್ಪಾದರೆ ಒಂದಷ್ಟು ಮಾತು ವ್ಯರ್ಥ, ಅಷ್ಟೇ. ಅರ್ಥವಾಗುವುದಿಲ್ಲ ಅಂತ ತಿಳಿದು ತಪ್ಪಾದರೆ ಮಗುವಿನ ಎದುರೇ ಅದರ ಬಗ್ಗೆ ಆಡಬಾರದ್ದೆಲ್ಲ ಆಡಿರುತ್ತೇವೆ.

ದಣಿದ ಅಮ್ಮನಿಗೆ ಇದು ಇನ್ನೊಂದು ಮನೆಪಾಠ ಆಗಬಾರದು. ಹೊಸ ಹೊತ್ತು ಹುಡುಕಬೇಡಿ. ಸ್ನಾನ, ಬಟ್ಟೆ ಹಾಕುವುದು, ಮಲಗುವುದು, ಹೇಗೂ ನಡೆಯುವ ಇವುಗಳಲ್ಲಿ ಒಂದನ್ನು ಆರಿಸಿ. ಒಂದು ದಿನ ತಪ್ಪಿದರೆ ತಪ್ಪಲಿ. ಮನೆಯ ಇತರರೂ ತಮ್ಮತಮ್ಮೊಳಗೆ ಬೋರ್ಡ್ ಬಳಸಲಿ: ಅಣ್ಣ ಅಪ್ಪನಿಗೆ ‘ಇನ್ನೂ ಕೊಡು’ ಅಂತ ಮುಟ್ಟಿ ತೋರಿಸಿದರೆ ಅದು ಆ ಮನೆಯ ಭಾಷೆಯಾಗುತ್ತದೆ. ತಂಗಿ ಮಾತ್ರ ದುಭಾಷಿಯಾಗಿ ನಿಂತುಬಿಡದ ಹಾಗೆ ನೋಡಿಕೊಳ್ಳಿ, ಆ ಮಗುವಿಗೂ ಆಟ ಇದೆ.

36 ಪದದಲ್ಲಿ ಕೈ ಕುದುರಿದ ಮೇಲೆ ಟ್ಯಾಬ್‌ಗೆ ಹೋಗಬಹುದು. ಹೋಗುವಾಗ ಹಳೆಯ 36 ಚೌಕಗಳು ಅದೇ ಕ್ರಮದಲ್ಲಿ ಅಲ್ಲೂ ಇರಲಿ, ಹೊಸದು ಸುತ್ತಲೂ ಸೇರಲಿ. ಕಾಗದದ ಬೋರ್ಡ್ ಎಸೆಯಬೇಡಿ. ಬಚ್ಚಲಿಗೆ, ಮಳೆಗೆ, ಚಾರ್ಜ್ ಮುಗಿದ ಹೊತ್ತಿಗೆ ಅದೇ ಬೇಕು. ಮೊದಲು ಸವೆಯುವುದು ಬಲಗಡೆಯ ಕೊನೆಯ ಕಾಲಂ. ಅಲ್ಲಿನ ಬಣ್ಣ ಮಾಸಿದ ಕೂಡಲೇ ಹೊಸ ಪ್ರತಿ ತೆಗೆಯಿರಿ.